ಮೆಚ್ಚಿನ ಪಟ್ಟಿಯ ಪಾಟೀಸವಾಲು

ಹಳೆಯ ಕನ್ನಡ ದಸ್ತಾವೇಜುಗಳ ಭಾಷಾಂತರದ ಬಗ್ಗೆ ಈ ವಾರ ಬರೆಯುವೆನೆಂದು ಕಳೆದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆ. ಅದಕ್ಕೆ ಒಂದು ವಾರದ ವಾಯಿದೆ ಬೇಡುತ್ತಿದ್ದೇನೆ. ಕಾರಣ, ನಮ್ಮ ಮನೆಯಲ್ಲಿ ಒಂದು ಹೊಸ ವ್ಯಾಜ್ಯ ಹುಟ್ಟಿಕೊಂಡಿದೆ. ಅದರಲ್ಲಿ ವಕೀಲನೂ ನಾನೇ, ಪ್ರತಿವಾದಿಯೂ ನಾನೇ.

ಮಗಳು ಕನ್ನಡ ಮಾಧ್ಯಮದ ಎಂಟನೆಯ ತರಗತಿಯಲ್ಲಿ ಓದುತ್ತಾಳೆ. ಅವರ ತರಗತಿಯ ಕೈಬರಹ ಪತ್ರಿಕೆಗೆ ಪ್ರತಿಯೊಬ್ಬರೂ ಒಂದು ಪಟ್ಟಿ ಕೊಡಬೇಕಂತೆ: ಸಂಗೀತ, ಸಿನೆಮಾ, ಹಾಸ್ಯ ಈ ಮೂರರಲ್ಲಿ ತಮಗೆ ಅತ್ಯಂತ ಮೆಚ್ಚಿನ ಮೂರು ಮೂರನ್ನು ಅನುಕ್ರಮವಾಗಿ ಬರೆಯಬೇಕು. ಜೊತೆಗೆ ಹೆತ್ತವರಲ್ಲಿ ಒಬ್ಬರ ಪಟ್ಟಿಯೂ ಇರಬೇಕು. ಅವಳ ತಾಯಿ, ಬರೆಯುವ ಕೆಲಸ ವಕೀಲರದ್ದು ಎಂದು ಜಾರಿಕೊಂಡಳು.

ನಾನು ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. ಸಂಗೀತದಲ್ಲಿ ಪ್ರಥಮ ಸ್ಥಾನ ಪಂಡಿತ ಮಲ್ಲಿಕಾರ್ಜುನ ಮನ್ಸೂರರಿಗೆ. ಸಿನೆಮಾದಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ. ಹಾಸ್ಯದಲ್ಲಿ ಕೈಲಾಸಂ ಅವರ ನಾಟಕಗಳಿಗೆ. ಉಳಿದ ಆರು ಸ್ಥಾನಗಳೂ ಇದೇ ಗಾಂಭೀರ್ಯದವು. ಪಟ್ಟಿಯನ್ನು ದೂರ ಹಿಡಿದು ಓದಿದೆ. ಸನ್ಮಾನಪತ್ರದಂತೆ ಕಾಣುತ್ತಿತ್ತು.

ಮಗಳು ಓದಿದಳು. ಅನಂತರ ನಡೆದದ್ದನ್ನು ನಮ್ಮ ಭಾಷೆಯಲ್ಲಿ ಪಾಟೀಸವಾಲು ಎನ್ನುತ್ತಾರೆ.

“ಅಪ್ಪ, ಮನ್ಸೂರರ ಹಾಡನ್ನು ನೀವು ಕೊನೆಯ ಬಾರಿ ಕೇಳಿದ್ದು ಯಾವಾಗ?”

ನೆನಪಿಲ್ಲವೆಂದೆ.

“‘ಘಟಶ್ರಾದ್ಧ’ವನ್ನು ಎಷ್ಟು ಸಲ ನೋಡಿದ್ದೀರಿ?”

ಒಂದು ಸಲ. ನಾನು ಶಾಲೆಯಲ್ಲಿದ್ದಾಗ ದೂರದರ್ಶನವು ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಗಳ ಪ್ರಶಸ್ತಿ ಪಡೆದ ಚಿತ್ರಗಳನ್ನು ತೋರಿಸುತ್ತಿದ್ದ ದಿನಗಳಲ್ಲಿ.

“ಹಾಗಾದರೆ ಊಟದ ತಟ್ಟೆ ಹಿಡಿದುಕೊಂಡು ನೀವು ನಗುವುದು ಯಾವುದನ್ನು ನೋಡಿ?”

ಇದು ಸೂಚಕ ಪ್ರಶ್ನೆಯೆಂದು ಆಕ್ಷೇಪ ಎತ್ತಬಹುದಿತ್ತು. ಆದರೆ ಪಾಟೀಸವಾಲಿನಲ್ಲಿ ಸೂಚಕ ಪ್ರಶ್ನೆಗೆ ಅವಕಾಶವಿದೆ. ಉತ್ತರ ಅವಳಿಗೂ ಗೊತ್ತು, ನನಗೂ ಗೊತ್ತು. ಅದು ಮಲಯಾಳದ ‘ನಾಡೋಡಿಕ್ಕಾಟ್ಟು’.

ಶ್ರೇಷ್ಠವಾದುದು ಬೇರೆ, ಮೆಚ್ಚಿನದು ಬೇರೆ. ಮನ್ಸೂರರು ಶ್ರೇಷ್ಠರೆಂಬುದರಲ್ಲಿ ನನಗೆ ಸಂದೇಹವಿಲ್ಲ, ಅದಕ್ಕೆ ನನ್ನ ಸಾಕ್ಷ್ಯದ ಅಗತ್ಯವೂ ಇಲ್ಲ. ಆದರೆ ಪಟ್ಟಿ ಕೇಳಿದ್ದು ನನ್ನ ಮೆಚ್ಚಿಗೆಯನ್ನು. ಅದಕ್ಕೆ ಇರುವ ಪರೀಕ್ಷೆ ಒಂದೇ: ಯಾರೂ ಹೇಳದೆ, ಯಾರೂ ನೋಡದೆ ಇರುವಾಗ ನಾನು ಯಾವುದರ ಬಳಿಗೆ ಮತ್ತೆ ಮತ್ತೆ ಹೋಗುತ್ತೇನೆ? ಆ ಅಳತೆಗೋಲಿನಿಂದ ನೋಡಿದರೆ ನನ್ನ ಮೊದಲ ಪಟ್ಟಿ ಸುಳ್ಳು ಪ್ರಮಾಣಪತ್ರ. ಅದನ್ನು ಹಿಂತೆಗೆದುಕೊಂಡು ಎರಡನೆಯದನ್ನು ಸಲ್ಲಿಸಿದೆ. ಅದರ ವಿವರ ಹೀಗಿದೆ.

ಸಂಗೀತದಲ್ಲಿ ಮೂರನೆಯ ಸ್ಥಾನ ‘ಮಲಯ ಮಾರುತ’ ಚಿತ್ರದ ಹಾಡುಗಳಿಗೆ. 1986ರ ಈ ಚಿತ್ರದ ಕ್ಯಾಸೆಟ್ಟು ನಮ್ಮ ಮನೆಗೆ ಬಂದಾಗ ನಾನು ತೀರಾ ಚಿಕ್ಕವನು. ವಿಜಯಭಾಸ್ಕರರ ಸಂಗೀತ, ಯೇಸುದಾಸರ ಕಂಠ. ಕೊಚ್ಚಿಯಲ್ಲಿ ಹುಟ್ಟಿದ ಗಾಯಕರು ಕನ್ನಡದಲ್ಲಿ ಹಾಡಿದ್ದನ್ನು ಕೇಳಿ ನಮ್ಮ ನೆರೆಯ ಮಲಯಾಳಿ ಕುಟುಂಬದವರು ಇದು ತಮ್ಮವರೆಂದೂ, ನಾವು ಇದು ನಮ್ಮ ಹಾಡೆಂದೂ ಜಗಳವಾಡುತ್ತಿದ್ದೆವು. ಎರಡೂ ಪಕ್ಷದ ವಾದ ಸರಿಯಾಗಿತ್ತು.

ಎರಡನೆಯ ಸ್ಥಾನ ಸಿ. ಅಶ್ವಥ್ ಅವರ ಕಂಠದ ಶರೀಫರ ತತ್ತ್ವಪದಗಳಿಗೆ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದ ಮೇಲೆ ನಮ್ಮ ಊರಿನ ಎಲ್ಲ ಶಾಲಾ ವಾರ್ಷಿಕೋತ್ಸವಗಳಲ್ಲೂ ಆ ಪದಗಳು ಕೇಳಿಬಂದವು. ಅಶ್ವಥ್ ಅವರ ಧ್ವನಿಯಲ್ಲಿ ಗಂಟಲು ಬಿಚ್ಚುವ ಒಂದು ನಿರ್ಭಯತೆ ಇದೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ದಿನವೂ, ದಾವೆ ಸೋತ ದಿನವೂ ಅದು ಕೆಲಸಕ್ಕೆ ಬಂದಿದೆ.

ಪ್ರಥಮ ಸ್ಥಾನ ಬಲಿಪ ನಾರಾಯಣ ಭಾಗವತರಿಗೆ. ಇದನ್ನು ಬರೆಯಲು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಮೊದಲ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲವೆಂಬುದು ಈಗ ನನಗೆ ಅಚ್ಚರಿಯ ವಿಷಯ. 1938ರಲ್ಲಿ ನಮ್ಮದೇ ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟಿದವರು ಅವರು, 2023ರಲ್ಲಿ ತೀರಿಕೊಂಡರು. ಕಟೀಲು ಮೇಳದ ಆಟಗಳಲ್ಲಿ ಅವರು ಜಾಗಟೆ ಹಿಡಿದು ಏರುಶ್ರುತಿಯಲ್ಲಿ ಪದ ಎತ್ತಿದರೆ ಗದ್ದೆಯ ಆಚೆಯ ತೋಟದಲ್ಲಿ ಮಲಗಿದವರು ಎದ್ದು ಬರುತ್ತಿದ್ದರು. ನನ್ನ ಅಜ್ಜ ನನ್ನನ್ನು ಹೆಗಲ ಮೇಲೆ ಕುಳ್ಳಿರಿಸಿ ಆಟಕ್ಕೆ ಕರೆದೊಯ್ಯುತ್ತಿದ್ದರು. ಬೆಳಗಿನ ಜಾವ, ಮಂಜು ಬಿದ್ದು ಚಾಪೆ ಒದ್ದೆಯಾಗಿ, ನಿದ್ದೆಗೂ ಎಚ್ಚರಕ್ಕೂ ನಡುವೆ ನಾನು ಇರುವಾಗ ಆ ಸ್ವರ ಎಲ್ಲೋ ಮೇಲಿನಿಂದ ಬರುತ್ತಿತ್ತು. ಪದದ ಅರ್ಥ ಆಗ ತಿಳಿಯುತ್ತಿರಲಿಲ್ಲ. ಹೊಸ ಭಾಗವತರು ಸಿನೆಮಾ ಧಾಟಿಯನ್ನೂ ಶಾಸ್ತ್ರೀಯ ಸಂಗೀತದ ಆಲಾಪನೆಯನ್ನೂ ಧಾರಾಳವಾಗಿ ಬಳಸುತ್ತಾರೆ. ನನಗೆ ಅದರ ಮೇಲೆ ದ್ವೇಷವಿಲ್ಲ. ಆದರೆ ಬಲಿಪರ ಹಾಡಿನಲ್ಲಿ ಪಾತ್ರ ಕುಣಿಯಲು ಬೇಕಾದಷ್ಟು ಮಾತ್ರ ಸಂಗೀತ ಇರುತ್ತಿತ್ತು, ಒಂದು ಬಿಡಿಗಾಸೂ ಹೆಚ್ಚಿಲ್ಲ. ರಾತ್ರಿ ಕಕ್ಷಿದಾರರ ಕಡತ ಓದಿ ಕಣ್ಣು ಸೋತಾಗ ನಾನು ಮೊಬೈಲಿನಲ್ಲಿ ಹಾಕಿಕೊಳ್ಳುವುದು ಅವರ ಹಳೆಯ ಧ್ವನಿಮುದ್ರಣವನ್ನೇ.

ಇಲ್ಲಿ ಒಂದು ತಾಂತ್ರಿಕ ಆಕ್ಷೇಪ ಎದ್ದಿತು. ಮಗಳೆಂದಳು, “ಯಕ್ಷಗಾನ ಸಂಗೀತವೋ, ನಾಟಕವೋ, ಹಾಸ್ಯವೋ? ಯಾವ ಕಾಲಮಿನಲ್ಲಿ ಬರೆಯುವುದು?” ಪ್ರಶ್ನೆ ಸರಿಯಾದದ್ದೇ. ಮೂರು ಕಾಲಮುಗಳ ಈ ಪಟ್ಟಿ ಹಾಡು ಒಂದು ಕಡೆ, ಕತೆ ಇನ್ನೊಂದು ಕಡೆ, ನಗು ಮತ್ತೊಂದು ಕಡೆ ಸಿಗುವ ಊರಿನವರು ಮಾಡಿದ್ದಿರಬೇಕು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಒಂದೇ ರಾತ್ರಿ, ಒಂದೇ ರಂಗಸ್ಥಳದಲ್ಲಿ ಮೂರೂ ಸಿಗುತ್ತಿದ್ದವು. ಕೊನೆಗೆ, ಹಾಡನ್ನು ಸಂಗೀತಕ್ಕೂ ಹಾಸ್ಯಗಾರನನ್ನು ಹಾಸ್ಯಕ್ಕೂ ಪಾಲು ಮಾಡುವುದೆಂದು ರಾಜಿಯಾದೆವು.

ಸಿನೆಮಾಕ್ಕೆ ಬರುತ್ತೇನೆ. ಮೂರನೆಯ ಸ್ಥಾನದಲ್ಲಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. 2018ರಲ್ಲಿ ರಿಷಬ್ ಶೆಟ್ಟಿ ನಿರ್ದೇಶಿಸಿದ ಈ ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಶಾಲೆಗಳ ಕತೆಯೇ ಅದರ ಕತೆಯಾದ್ದರಿಂದ ಪ್ರಥಮ ಸ್ಥಾನ ಕೊಡಬೇಕೆಂದು ಕೆಲವು ಓದುಗರಿಗೆ ಅನಿಸಬಹುದು. ಕೊಡಲಾರೆ. ಅನಂತನಾಗ್ ಅವರು ನ್ಯಾಯಾಲಯದಲ್ಲಿ ವಾದಿಸುವ ದೃಶ್ಯವನ್ನು ನೋಡುವಾಗ ಚಿತ್ರಮಂದಿರವೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ನಾನು ಮಾತ್ರ ಎದುರು ಪಕ್ಷದ ವಕೀಲರು ಏಕೆ ಎದ್ದು ಆಕ್ಷೇಪಿಸುತ್ತಿಲ್ಲವೆಂದು ಚಡಪಡಿಸುತ್ತಿದ್ದೆ. ಕನ್ನಡ ಶಾಲೆಗಳ ಅಹವಾಲುಗಳನ್ನು ಹಿಡಿದು ಓಡಾಡಿದವನಿಗೆ ಗೊತ್ತು, ನಿಜವಾದ ವಿಚಾರಣೆಯಲ್ಲಿ ಅಂಥ ಭಾಷಣಕ್ಕೆ ಎಡೆಯಿಲ್ಲ. ದಿನಾಂಕ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಆದರೂ ಆ ಚಿತ್ರದಲ್ಲಿ ಮಕ್ಕಳು ನಮ್ಮ ಮಕ್ಕಳಂತೆಯೇ ತುಂಟರು. ಅದಕ್ಕಾಗಿ ಮೂರನೆಯ ಸ್ಥಾನ.

ಎರಡನೆಯ ಸ್ಥಾನ ಫಾಝಿಲ್ ಅವರ 1993ರ ಮಲಯಾಳ ಚಿತ್ರ ‘ಮಣಿಚಿತ್ರತ್ತಾಳ್’. ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದಾಗ, 2004ರಲ್ಲಿ, ಅದರ ಕನ್ನಡ ರೂಪವಾದ ‘ಆಪ್ತಮಿತ್ರ’ವನ್ನು ಗೆಳೆಯರೊಂದಿಗೆ ನೋಡಿದೆ. ಅವರು ಬೆಚ್ಚಿಬಿದ್ದಲ್ಲೆಲ್ಲ ನಾನು ಕಡಲೆಕಾಯಿ ತಿನ್ನುತ್ತಿದ್ದೆ, ಏಕೆಂದರೆ ಬಾಗಿಲ ಹಿಂದೆ ಏನಿದೆಯೆಂದು ಹನ್ನೆರಡನೆಯ ವಯಸ್ಸಿಗೇ ನನಗೆ ಗೊತ್ತಿತ್ತು. ಮಲಯಾಳದಲ್ಲಿ ನಾಗವಲ್ಲಿ ತಮಿಳು ನರ್ತಕಿ. ಕನ್ನಡಕ್ಕೆ ಬರುವಾಗ ಅವಳು ತೆಲುಗಿನಲ್ಲಿ ಹಾಡುತ್ತಾಳೆ. ಎಲ್ಲ ಭಾಷೆಯವರಿಗೂ ಭೂತ ಮಾತ್ರ ನೆರೆಯ ರಾಜ್ಯದ್ದೇ ಆಗಬೇಕು ಎಂದು ಆಗ ಗೆಳೆಯರಲ್ಲಿ ಹೇಳಿದ್ದೆ. ಗಡಿಯಲ್ಲಿ ಹುಟ್ಟಿದವನ ಲಾಭ ಇದು: ಮೂಲವನ್ನೂ ರೂಪಾಂತರವನ್ನೂ ಅನುವಾದಕನ ನೆರವಿಲ್ಲದೆ ನೋಡಬಹುದು.

ಪ್ರಥಮ ಸ್ಥಾನ ‘ಕಸ್ತೂರಿ ನಿವಾಸ’ಕ್ಕೆ. 1971ರ ಚಿತ್ರ, ದೊರೆ-ಭಗವಾನ್ ಅವರ ನಿರ್ದೇಶನ. ಬೆಂಕಿಪೆಟ್ಟಿಗೆ ಕಾರ್ಖಾನೆಯ ಒಡೆಯ ರವಿವರ್ಮ ಕೇಳಿದವರಿಗೆಲ್ಲ ಕೊಡುತ್ತಾ ಕೊಡುತ್ತಾ ಬರಿಗೈಯಾಗುತ್ತಾನೆ. ತನ್ನಲ್ಲೇ ಕೆಲಸಕ್ಕಿದ್ದವನು ಬೆಳೆದು ಎದುರಾಳಿಯಾಗುತ್ತಾನೆ. ಕೊನೆಗೆ ಮನೆಗೆ ಬಂದವಳಿಗೆ ಊಟ ಹಾಕಲು ತನ್ನ ಪ್ರೀತಿಯ ಪಾರಿವಾಳವನ್ನೇ ಮಾರುತ್ತಾನೆ. ಅವಳು ಬಂದದ್ದು ಆ ಪಾರಿವಾಳವನ್ನು ಕೇಳುವುದಕ್ಕೆ. ವಕೀಲನಾಗಿ ನೋಡಿದರೆ ಈ ಚಿತ್ರದ ಸಂಕಟವೆಲ್ಲ ಬಾಯಿಮಾತಿನ ವ್ಯವಹಾರದ್ದು. ಇಂಥ ರವಿವರ್ಮರು ತಿಂಗಳಿಗೆ ಇಬ್ಬರಾದರೂ ನನ್ನ ಕಚೇರಿಗೆ ಬರುತ್ತಾರೆ. ತಮ್ಮನಿಗೆ ಬಾಯಿಮಾತಿನಲ್ಲಿ ತೋಟ ಬಿಟ್ಟುಕೊಟ್ಟವರು, ಗೆಳೆಯನ ಸಾಲಕ್ಕೆ ಓದದೆ ಸಹಿ ಹಾಕಿದವರು. ಅವರಿಗೆ ಬುದ್ಧಿ ಹೇಳುವುದು ನನ್ನ ವೃತ್ತಿ. ಹೇಳುತ್ತಿರುವಾಗಲೇ ಮನಸ್ಸಿನಲ್ಲಿ ರಾಜಕುಮಾರರ ಆ ಮುಖ ಬರುತ್ತದೆ, ಮಾತು ತುಸು ಮೆತ್ತಗಾಗುತ್ತದೆ. ಈ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೆಂದು ಲೆಕ್ಕವಿಟ್ಟಿಲ್ಲ. 2014ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದಾಗಲೂ ನೋಡಿದೆ. ಕಪ್ಪು ಬಿಳುಪೇ ಮೇಲು.

ಹಾಸ್ಯದ ಮೂರನೆಯ ಸ್ಥಾನ ನಕ್ಷತ್ರಿಕನಿಗೆ. 1965ರ ‘ಸತ್ಯ ಹರಿಶ್ಚಂದ್ರ’ ಚಿತ್ರದಲ್ಲಿ ನರಸಿಂಹರಾಜು ಆ ಪಾತ್ರವನ್ನು ಮಾಡಿದರು. ರಾಜ್ಯ ಕಳೆದುಕೊಂಡವನ ಬೆನ್ನು ಬಿಡದೆ ಸಾಲ ವಸೂಲಿಗೆ ಸುತ್ತುವ ಈ ಮಹಾನುಭಾವ ಇಂದು ಇದ್ದಿದ್ದರೆ ಸಾಲ ಕೊಡುವ ಸಂಸ್ಥೆಗಳು ಅವನಿಗಾಗಿ ಸ್ಪರ್ಧಿಸುತ್ತಿದ್ದವು. ಎರಡನೆಯದು ನಮ್ಮ ಬಯಲಾಟದ ಹಾಸ್ಯಗಾರ. ದಕ್ಷಾಧ್ವರದ ಬ್ರಾಹ್ಮಣನಾಗಿ, ಮಂಥರೆಯಾಗಿ, ದೂತನಾಗಿ ಬರುವ ಅವನು ಪುರಾಣದ ನಡುವೆ ನಿಂತು ಅಂದಿನ ಪಂಚಾಯತಿನ ರಸ್ತೆಯ ಗುಂಡಿಯನ್ನೂ ಮಾತಿಗೆಳೆಯುತ್ತಾನೆ.

ಪ್ರಥಮ ಸ್ಥಾನ, ಮಗಳ ಪಾಟೀಸವಾಲಿನಲ್ಲಿ ಹೊರಬಿದ್ದಂತೆ, ‘ನಾಡೋಡಿಕ್ಕಾಟ್ಟು’. 1987ರ ಈ ಚಿತ್ರಕ್ಕೆ ಶ್ರೀನಿವಾಸನ್ ಚಿತ್ರಕತೆ ಬರೆದರು, ಸತ್ಯನ್ ಅಂತಿಕ್ಕಾಡ್ ನಿರ್ದೇಶಿಸಿದರು. ಕೆಲಸವಿಲ್ಲದ ದಾಸನ್ ಮತ್ತು ವಿಜಯನ್ ದುಬಾಯಿಗೆ ಹೋಗುವ ಆಸೆಯಿಂದ ದಲ್ಲಾಳಿಯೊಬ್ಬನ ಮಾತು ನಂಬಿ ದೋಣಿ ಹತ್ತುತ್ತಾರೆ. ಅರಬರ ಉಡುಪು ತೊಟ್ಟು ಇಳಿದರೆ ಅದು ಮದ್ರಾಸಿನ ಕಡಲತೀರ. ಮನೆಯಿಂದ ಒಬ್ಬರಾದರೂ ಕೊಲ್ಲಿ ದೇಶಕ್ಕೆ ಹೋಗದ ಕುಟುಂಬ ವಿರಳವಾದ ಈ ಜಿಲ್ಲೆಯಲ್ಲಿ ಅದನ್ನು ನೋಡಿ ನಗುವುದು, ಅರ್ಧ ನಮ್ಮನ್ನು ನೋಡಿಯೇ ನಗುವುದು. ನನ್ನ ಸೋದರಮಾವನೂ ವೀಸಾಕ್ಕೆಂದು ಹಣ ಕೊಟ್ಟು ಮುಂಬಯಿಯಿಂದ ಹಿಂದಿರುಗಿದವರು. ಆ ದೃಶ್ಯ ಬಂದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ.

ಪಟ್ಟಿ ಮುಗಿಯಿತು. ಸಹಿ ಹಾಕಲು ಲೇಖನಿ ಎತ್ತಿದವನು ಹಾಕಲಾರದೆ ಕುಳಿತೆ. ಅಳುಕಿನ ಕಾರಣವನ್ನು ಈ ಪತ್ರಿಕೆಯ ಓದುಗರಿಗೆ ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ, ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದ ವಿಷಯದಲ್ಲಿ ಕೆಲವು ಹೆತ್ತವರೊಂದಿಗೆ ಅಧಿಕಾರಿಯೊಬ್ಬರನ್ನು ಕಾಣಲು ಹೋಗಿದ್ದೆ. ನಮ್ಮ ಮನವಿಯನ್ನು ಓದಿ ಅವರು ನಗುತ್ತಲೇ ಕೇಳಿದರು: ನಿಮ್ಮ ಮಕ್ಕಳು ಮಲಯಾಳ ಸಿನೆಮಾ ನೋಡುವುದಿಲ್ಲವೇ, ಮಲಯಾಳ ಹಾಡು ಹಾಡುವುದಿಲ್ಲವೇ, ಮತ್ತೆ ತೊಂದರೆ ಏನು? ಅಂದು ನಾನು ಸಂವಿಧಾನದ 350ಎ ವಿಧಿಯನ್ನು ಹೇಳಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ಕೊಡಲು ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು ಅದು ಹೇಳುತ್ತದೆ. 1956ರಲ್ಲಿ, ನಾವು ಕೇರಳಕ್ಕೆ ಸೇರಿದ ವರ್ಷವೇ, ಏಳನೆಯ ತಿದ್ದುಪಡಿಯ ಮೂಲಕ ಬಂದ ವಿಧಿ ಅದು. ಆದರೆ ಹೊರಗೆ ಬಂದ ಮೇಲೂ ಆ ನಗು ನನ್ನನ್ನು ಬಿಡಲಿಲ್ಲ. ಮೊದಲ ಪಟ್ಟಿಯಲ್ಲಿ ನಾನು ಸುಳ್ಳು ಹೇಳಿದ್ದು ಮಗಳಿಗಲ್ಲ. ಎದುರು ಕುಳಿತಿಲ್ಲದ ಆ ಅಧಿಕಾರಿಗೆ ಎಂದು ಈಗ ತಿಳಿಯುತ್ತದೆ. ನನ್ನ ನಗು ನನ್ನ ಶಾಲೆಯ ವಿರುದ್ಧ ಸಾಕ್ಷ್ಯವಾಗಬಹುದೆಂದು ಹೆದರಿದ್ದೆ.

ಆ ಹೆದರಿಕೆಗೆ ಕಾನೂನಿನಲ್ಲಿ ಆಧಾರವಿಲ್ಲ. 350ಎ ವಿಧಿ ಮಗು ಯಾವ ಸಿನೆಮಾ ನೋಡಿ ನಗುತ್ತದೆಂದು ಕೇಳುವುದಿಲ್ಲ. ದಾಸನ್-ವಿಜಯನ್ ಜೋಡಿಗೆ ಬಿದ್ದು ಬಿದ್ದು ನಗುವ ಹುಡುಗಿಗೂ ಭಿನ್ನರಾಶಿಯನ್ನು ಅವಳಿಗೆ ಬೋಧಿಸಿದ ಭಾಷೆಯಲ್ಲೇ, ಆ ಭಾಷೆ ಬಲ್ಲ ಶಿಕ್ಷಕರೇ ಕಲಿಸಬೇಕು. ನೆರೆಯವರ ಹಾಡನ್ನು ಪ್ರೀತಿಸಿದ್ದಕ್ಕೆ ತನ್ನ ಶಾಲೆಯನ್ನು ದಂಡವಾಗಿ ಕೊಡಬೇಕೆಂದು ಯಾವ ನ್ಯಾಯವೂ ಹೇಳುವುದಿಲ್ಲ.

ಇಷ್ಟು ಧೈರ್ಯ ತಂದುಕೊಂಡು ಮಗಳ ಪಟ್ಟಿಯನ್ನು ನೋಡಿದೆ. ಸಂಗೀತದಲ್ಲಿ ಪ್ರಥಮ, ‘ಕಾಂತಾರ’ ಚಿತ್ರದ ‘ವರಾಹ ರೂಪಂ’. (ಅದರ ಕೃತಿಸ್ವಾಮ್ಯದ ವಿವಾದ ಕೇರಳದ ನ್ಯಾಯಾಲಯಗಳ ಮೆಟ್ಟಿಲೇರಿದ ಕತೆಯನ್ನು ಹೇಳಹೊರಟೆ, ಕೇಳುವ ವ್ಯವಧಾನ ಅವಳಿಗಿರಲಿಲ್ಲ.) ಉಳಿದ ಎರಡು ಮಲಯಾಳದ ಹೊಸ ಹಾಡುಗಳು. ಸಿನೆಮಾದಲ್ಲಿ ‘ಕಾಂತಾರ’, ಮತ್ತೆ ಎರಡು ಮಲಯಾಳ ಚಿತ್ರಗಳು. ಹಾಸ್ಯದಲ್ಲಿ ಎರಡು ತುಳು ನಾಟಕಗಳ ತುಣುಕುಗಳು, ಒಂದು ಮಲಯಾಳ ಚಿತ್ರ. ನಮ್ಮ ಮನೆಮಾತು ತುಳು. ಅವಳು ತುಳುವಿನಲ್ಲಿ ನಗುವುದು ಸಹಜ. ಆದರೆ ಒಂಬತ್ತು ಸಾಲುಗಳಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಎರಡು, ಎರಡೂ ಒಂದೇ ಚಿತ್ರದವು. ಹಾಸ್ಯದಲ್ಲಿ ಒಂದೂ ಇಲ್ಲ.

ಅವಳಿಗೆ ಕನ್ನಡ ಬಾರದೆಂದಲ್ಲ. ಅವಳ ಪ್ರಬಂಧಗಳಲ್ಲಿ ನನಗೆ ತಪ್ಪು ಸಿಗುವುದಿಲ್ಲ. ಅವಳಿಗೆ ಕನ್ನಡ ಪಾಠ, ಪರೀಕ್ಷೆ, ಪ್ರತಿಭಟನೆ. ಕನ್ನಡ ನಮ್ಮ ಉಸಿರೆಂದು ನಾನು ಕರಡು ಮಾಡಿದ ಮನವಿಗಳನ್ನು ಅವಳು ಶುದ್ಧಪ್ರತಿ ಮಾಡಿಕೊಟ್ಟಿದ್ದಾಳೆ. ಆದರೆ ನಾನು ಅಜ್ಜನ ಹೆಗಲ ಮೇಲೆ ಕುಳಿತು ಕೇಳಿದ ಬಲಿಪರ ಪದವನ್ನು ಅವಳಿಗೆ ಕೇಳಿಸಿದವರು ಯಾರು? ನಾನಂತೂ ಅಲ್ಲ, ರಾತ್ರಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬನೇ ಕೇಳುತ್ತೇನೆ. ‘ಕಸ್ತೂರಿ ನಿವಾಸ’ವನ್ನೂ ಅವಳು ಮಲಗಿದ ಮೇಲೆಯೇ ನೋಡಿದ್ದೇನೆ, ಅಳುವುದನ್ನು ಮಕ್ಕಳು ನೋಡಬಾರದೆಂದು. ಮನವಿಯ ಕನ್ನಡವನ್ನು ಹಂಚಿಕೊಂಡೆ, ಮೆಚ್ಚಿಗೆಯ ಕನ್ನಡವನ್ನು ಬಚ್ಚಿಟ್ಟುಕೊಂಡೆ.

ಕಳೆದ ಶನಿವಾರ ಹತ್ತಿರದ ದೇವಸ್ಥಾನದಲ್ಲಿ ತಾಳಮದ್ದಳೆ ಇತ್ತು, ವಾಲಿವಧೆ ಪ್ರಸಂಗ. ಮಗಳನ್ನು ಕರೆದುಕೊಂಡು ಹೋದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕ್ಯಾಸೆಟ್ಟಿನಲ್ಲಿ ಕೇಳಿಯೇ ನಾನು ವಕೀಲನಾಗಲು ಮನಸ್ಸು ಮಾಡಿದ್ದು ಎಂದು ದಾರಿಯಲ್ಲಿ ಹೇಳಿದೆ. ಮೊದಲ ಒಂದು ಗಂಟೆ ಅವಳು ಆಕಳಿಸಿದಳು. ಅರ್ಥಧಾರಿಗಳ ಸಂಸ್ಕೃತಭೂಯಿಷ್ಠವಾದ ಮಾತು ಅವಳ ತಲೆಯ ಮೇಲಿಂದ ಹೋಗುತ್ತಿತ್ತು. ನಾನು ಕಿವಿಯಲ್ಲಿ ಅರ್ಥ ಹೇಳತೊಡಗಿದೆ. ವಿವರಿಸಿದ ಹಾಸ್ಯಕ್ಕೆ ಯಾರೂ ನಗುವುದಿಲ್ಲವೆಂದು ತಿಳಿದು ಸುಮ್ಮನಾದೆ.

ಬಾಣ ತಗುಲಿ ಬಿದ್ದ ವಾಲಿ ವಾದ ಆರಂಭಿಸಿದಾಗ ಅವಳು ಮುಂದಕ್ಕೆ ಬಾಗಿದಳು. ನಿನಗೂ ನನಗೂ ಏನು ವೈರ? ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನನ್ನನ್ನು ದಂಡಿಸಲು ನಿನಗೆ ಅಧಿಕಾರ ಕೊಟ್ಟವರು ಯಾರು? ರಾಮನ ಅರ್ಥ ಹೇಳುತ್ತಿದ್ದವರು, ಈ ಭೂಮಿ ಇಕ್ಷ್ವಾಕುಗಳದ್ದು, ಈಗ ಆಳುವವನು ಭರತ, ನಾನು ಅವನ ಪರವಾಗಿ ಬಂದವನು ಎಂದು ಉತ್ತರಿಸಿದರು. ಮಗಳು ನನ್ನ ತೋಳು ಹಿಡಿದು ಜಗ್ಗಿ, “ಅಪ್ಪ, ಭರತ ಇವನಿಗೆ ವಕಾಲತ್ತಿಗೆ ಸಹಿ ಹಾಕಿ ಕೊಟ್ಟಿದ್ದಾನಾ? ಪಾದುಕೆ ಮಾತ್ರ ತೆಗೆದುಕೊಂಡು ಹೋದದ್ದಲ್ಲವಾ?” ಎಂದಳು.

ನಾನು ನಕ್ಕ ಸದ್ದಿಗೆ ಮುಂದಿನ ಸಾಲಿನ ಹಿರಿಯರು ತಿರುಗಿ ನೋಡಿದರು. ಅವರಿಗೂ ಪ್ರಶ್ನೆ ಕೇಳಿಸಿತ್ತೆಂದು ತೋರುತ್ತದೆ; ಪ್ರಸಂಗ ಮುಗಿದ ಮೇಲೆ ಅದನ್ನು ವಾಲಿಯ ಅರ್ಥಧಾರಿಗೆ ತಲುಪಿಸಿದರು. ಮುಂದಿನ ಕೂಟದಲ್ಲಿ ಖಂಡಿತ ಬಳಸುತ್ತೇನೆಂದು ಅವರು ಮಗಳಿಗೆ ಮಾತು ಕೊಟ್ಟಿದ್ದಾರೆ.

ಅವಳ ಪಟ್ಟಿ ಇನ್ನೂ ಶಾಲೆಗೆ ಹೋಗಿಲ್ಲ. ತಿದ್ದು ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನನ್ನದಕ್ಕೆ ಸಹಿ ಹಾಕಿ ಕೊಟ್ಟಿದ್ದೇನೆ, ‘ನಾಡೋಡಿಕ್ಕಾಟ್ಟು’ ಸಮೇತ. ಓದುಗರು ತಮ್ಮ ಮನೆಯ ಪಟ್ಟಿಗಳನ್ನು, ಹೆತ್ತವರದ್ದನ್ನೂ ಮಕ್ಕಳದ್ದನ್ನೂ ಬೇರೆ ಬೇರೆಯಾಗಿ, ಪತ್ರಿಕೆಯ ವಿಳಾಸಕ್ಕೆ ಕಳುಹಿಸಬಹುದು. ಮೊದಲ ಪಟ್ಟಿ ಬೇಡ, ಎರಡನೆಯದನ್ನು ಕಳುಹಿಸಿ. ಹಳೆಯ ದಸ್ತಾವೇಜುಗಳ ವಿಷಯ ಮುಂದಿನ ವಾರ.